ಇಬಿ ಮಗುವಿನ ಗುಳ್ಳೆಗೆ ಸೂಜಿ ಹಾಕಬೇಕೋ, ಹಾಗೇ ಬಿಡಬೇಕೋ?

ತುಂಗಾತೀರ
ಎಪಿಡರ್ಮೋಲೈಸಿಸ್ ಬುಲ್ಲೋಸಾ, ಚಿಕ್ಕದಾಗಿ ಇಬಿ. ಮುಟ್ಟಿದರೆ, ಉಜ್ಜಿದರೆ ಚರ್ಮದ ಮೇಲೆ ನೀರ್ಗುಳ್ಳೆ ಏಳುವ ಹುಟ್ಟು ಕಾಯಿಲೆ. ಆಶಾ ಕಾರ್ಯಕರ್ತೆಯರಿಗೆ ಅಂತ ಎರಡು ಪುಟದ ಕನ್ನಡ ಕರಪತ್ರ ತಯಾರಾಗ್ತಿದೆ. ಕರಡಿನಲ್ಲಿ "ಗುಳ್ಳೆಯನ್ನು ಯಾವ ಕಾರಣಕ್ಕೂ ಒಡೆಯಬಾರದು" ಅಂತ ಇತ್ತು. ಸುಟ್ಟ ಬೊಬ್ಬೆಗೆ ಎಲ್ಲರೂ ಕಲಿತಿರೋ ಪಾಠ ಅದೇ ತಾನೆ? ಆದರೆ ಕರಡು ಓದಿದವರೊಬ್ಬರು ಆ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದು "ತಪ್ಪು" ಅಂತಷ್ಟೇ ಬರೆದು ಕಳಿಸಿದ್ದಾರೆ. ಕಾರಣ ಹೇಳಿಲ್ಲ. ಗೊತ್ತಿರೋರು ಬಿಡಿಸಿ ಹೇಳಿ. ಇನ್ನೆರಡು ಪ್ರಶ್ನೆ: ಹುಟ್ಟಿದ ಮೊದಲ ವಾರಗಳಲ್ಲಿ ಮನೆಯವರು ಏನು ಮಾಡಬಾರದು? "ರಕ್ತಸಂಬಂಧದ ಮದುವೆಯಿಂದ ಬರುವ ಕಾಯಿಲೆ" ಅನ್ನೋ ಸಾಲು ಇಡೋದಾ, ತೆಗೆಯೋದಾ?

ಪಟ್ಟಿಪೆಟ್ಟಿಗೆ
ಕೆಂಪು ಮಸಿಯವರೇ ಸರಿ. ಕೈ ಸುಟ್ಟಾಗ ಬರುವ ಬೊಬ್ಬೆ ತನ್ನಷ್ಟಕ್ಕೆ ನಿಲ್ಲುತ್ತೆ, ಯಾಕಂದ್ರೆ ಸುತ್ತಲಿನ ಚರ್ಮ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಇಬಿಯಲ್ಲಿ ಸುತ್ತಲಿನ ಚರ್ಮದ ಅಂಟೂ ಅಷ್ಟೇ ದುರ್ಬಲ. ಒಳಗೆ ತುಂಬಿದ ನೀರಿನ ಒತ್ತಡವೇ ಅಂಚನ್ನು ಬಿಡಿಸಿಕೊಂಡು ಹೋಗುತ್ತೆ. ಬೆಳಗ್ಗೆ ಹೆಸರುಕಾಳಿನಷ್ಟಿದ್ದದ್ದು ಸಂಜೆಗೆ ಅಂಗೈ ಅಗಲ ಆಗೋದು ಹೀಗೆ. ಅದಕ್ಕೇ ಕಂಡ ತಕ್ಷಣ ನೀರು ಇಳಿಸಬೇಕು, ಮೇಲಿನ ಪೊರೆ ಮಾತ್ರ ಕೀಳಬಾರದು. ಆ ಪೊರೆಗಿಂತ ಒಳ್ಳೆ ಪಟ್ಟಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಮಾಡೋ ರೀತಿ: ಕೈ ಸೋಪಿನಲ್ಲಿ ತೊಳೆಯಿರಿ. ಆಗಷ್ಟೇ ಪ್ಯಾಕೆಟ್ ಒಡೆದ ಇಂಜೆಕ್ಷನ್ ಸೂಜಿ ತಗೊಳ್ಳಿ. ಹೊಲಿಗೆ ಸೂಜಿ, ಸೇಫ್ಟಿ ಪಿನ್ನು, ಬೆಂಕಿಗೆ ಹಿಡಿದ ಸೂಜಿ ಯಾವುದೂ ಬೇಡ. ಗುಳ್ಳೆಯ ಅತಿ ತಗ್ಗಿನ ಜಾಗ ಹುಡುಕಿ, ಅಂದರೆ ಮಗು ಮಲಗಿರೋ ಭಂಗಿಯಲ್ಲಿ ನೀರು ಎಲ್ಲಿ ಇಳಿದು ನಿಂತಿದೆಯೋ ಅಲ್ಲಿ. ಸೂಜಿಯನ್ನು ಚರ್ಮಕ್ಕೆ ಒರಗಿಸಿ ಮಲಗಿಸಿಕೊಂಡು, ಪೊರೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಬರೋ ಹಾಗೆ ತೂರಿಸಿ. ಎರಡು ತೂತು ಬೀಳಬೇಕು. ಒಂದೇ ತೂತಾದರೆ ಅದು ಮುಚ್ಚಿಕೊಂಡು ಮತ್ತೆ ನೀರು ತುಂಬುತ್ತೆ. ಆಮೇಲೆ ಮೆತ್ತನೆ ಗಾಜ್ ಮೇಲಿಟ್ಟು ನೇರ ಕೆಳಕ್ಕೆ ಒತ್ತಿ ಹೀರಿಸಿ. ಒರೆಸಿದರೆ ಪೊರೆ ಕಿತ್ತು ಬರುತ್ತೆ, ಕೆಲಸವೆಲ್ಲ ಹಾಳು. ಸೂಜಿ ಒಂದು ಗಟ್ಟಿ ಡಬ್ಬಿಗೆ, ಕಸದ ಬುಟ್ಟಿಗಲ್ಲ.

ಅಡ್ಡಪ್ರಶ್ನೆ
ಕರಪತ್ರದಲ್ಲಿ "ಮನೇಲೇ ಸೂಜಿ ಚುಚ್ಚಿ" ಅಂತ ಬರೆದು, ನಾಳೆ ಕೀವಾಗಿ ಬಂದರೆ ಹೊಣೆ ಯಾರು? ಸ್ವಲ್ಪ ಯೋಚನೆ ಮಾಡಿ ಬರೀರಿ.

ಪಟ್ಟಿಪೆಟ್ಟಿಗೆ
ಚುಚ್ಚದೇ ಬಿಟ್ಟರೆ ಗುಳ್ಳೆ ದೊಡ್ಡದಾಗಿ ಕೊನೆಗೆ ತಾನೇ ಹರಿಯುತ್ತೆ. ಆಗ ಪೊರೆಯೂ ಇಲ್ಲ, ಅಂಗೈ ಅಗಲದ ಹಸಿಗಾಯ. ಕೀವಾಗೋ ಸಾಧ್ಯತೆ ಅಲ್ಲೇ ಜಾಸ್ತಿ. ಹೊಣೆಯ ಮಾತಿಗೆ ಬಂದರೆ, ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಮುಂದೆ ನಿಂತು ತಾಯಿ ಕೈಯಲ್ಲೇ ನಾಲ್ಕೈದು ಸಲ ಮಾಡಿಸಬೇಕು. ಆಶಾ ಕೈಗೆ ಸೂಜಿ ಕೊಡಿ ಅಂತ ಯಾರೂ ಹೇಳ್ತಿಲ್ಲ. ಆಶಾಗೆ ಗೊತ್ತಿರಬೇಕಾದ್ದು ಇಷ್ಟೇ: ತಿಳಿನೀರು ಅಥವಾ ರಕ್ತ ಬೆರೆತ ನೀರು ಇದ್ದರೆ ಗಾಬರಿ ಬೇಡ. ನೀರು ಮಬ್ಬಾಗಿದ್ದರೆ, ವಾಸನೆ ಬಂದರೆ, ಸುತ್ತ ಕೆಂಪು ಹರಡ್ತಿದ್ದರೆ, ಜ್ವರ ಇದ್ದರೆ, ಮಗು ಹಾಲು ಬಿಟ್ಟರೆ ಅವತ್ತೇ ಆಸ್ಪತ್ರೆಗೆ.

ಪದರಪದರ
ಕಾರಣಕ್ಕೆ ಇನ್ನೊಂದು ಮೆಟ್ಟಿಲು ಕೆಳಗೆ ಹೋಗೋಣ. ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಮೇಲ್ಪದರ ಪೂರ್ತಿ ಎದ್ದು ಬರುತ್ತಲ್ಲ, ಗುಳ್ಳೆ ಅಂದ್ರೆ ಅದೇ. ಪದರ ಬಿಡೋದು ಯಾವ ಎತ್ತರದಲ್ಲಿ ಅನ್ನೋದರ ಮೇಲೆ ಇಬಿಯ ಬಗೆ ನಿಂತಿದೆ.

ಹೊರಚರ್ಮದ ಅತಿ ಕೆಳಸಾಲಿನ ಜೀವಕೋಶಗಳೊಳಗೇ ಹರಿದರೆ ಸಿಂಪ್ಲೆಕ್ಸ್. ಆ ಕೋಶಗಳಿಗೆ ಅಸ್ಥಿಪಂಜರದಂತಿರೋ ಕೆರಾಟಿನ್ 5, ಕೆರಾಟಿನ್ 14 ಕೆಟ್ಟಿರುತ್ತೆ. ಎಲ್ಲಕ್ಕಿಂತ ಹೆಚ್ಚು ಕಾಣೋದು ಇದೇ. ಸಾಮಾನ್ಯವಾಗಿ ಕಲೆ ಉಳಿಯಲ್ಲ. ಹೊರಚರ್ಮಕ್ಕೂ ಒಳಚರ್ಮಕ್ಕೂ ನಡುವಿನ ತಳಪೊರೆಯೊಳಗೆ ಬಿಟ್ಟರೆ ಜಂಕ್ಷನಲ್. ಲ್ಯಾಮಿನಿನ್ 332, ಹದಿನೇಳನೇ ಕೊಲಾಜೆನ್, ಇಂಟೆಗ್ರಿನ್ ಅನ್ನೋ ಅಂಟಿನಂಥ ಪ್ರೋಟೀನುಗಳ ತೊಂದರೆ. ಇದರ ತೀವ್ರ ರೂಪದಲ್ಲಿ ಮಗುವಿನ ಅಳು ಗೊಗ್ಗರಾಗಿರುತ್ತೆ, ಹೆಚ್ಚಿನವು ಎರಡು ವರ್ಷದೊಳಗೇ ಹೋಗಿಬಿಡ್ತವೆ; ಇದನ್ನು ತಂದೆತಾಯಿಗೆ ಮುಚ್ಚಿಡೋದು ನ್ಯಾಯ ಅಲ್ಲ. ತಳಪೊರೆಯ ಕೆಳಗೆ ಬಿಟ್ಟರೆ ಡಿಸ್ಟ್ರೋಫಿಕ್. ಅಲ್ಲಿ ಏಳನೇ ಕೊಲಾಜೆನ್‌ನಿಂದ ಆದ ಕೊಕ್ಕೆಯಂಥ ತಂತುಗಳು ತಳಪೊರೆಯನ್ನು ಒಳಚರ್ಮಕ್ಕೆ ಹೊಲಿದಿರ್ತವೆ. ಆ ಕೊಕ್ಕೆ ಇಲ್ಲದಿದ್ದರೆ ಪ್ರತಿ ಗಾಯವೂ ಕಲೆ ಉಳಿಸುತ್ತೆ, ಬೆರಳುಗಳು ಒಂದಕ್ಕೊಂದು ಬೆಸೆದುಕೊಳ್ತವೆ, ಅನ್ನನಾಳ ಕಿರಿದಾಗುತ್ತೆ. ನಾಲ್ಕನೇದು ಕಿಂಡ್ಲರ್, ಬಹಳ ಅಪರೂಪ. ಅದರಲ್ಲಿ ಬಿಸಿಲು ತಡೆಯಲ್ಲ.

"ಎಪಿಡರ್ಮೋಲೈಸಿಸ್ ಬುಲ್ಲೋಸಾ" ಹೆಸರು ಕೊಟ್ಟಿದ್ದು ಜರ್ಮನಿಯ ಹೈನ್ರಿಶ್ ಕೋಬ್ನರ್, 1886ರಲ್ಲಿ. ಅಮೆರಿಕದ ಇಬಿ ರೋಗಿಗಳ ನೋಂದಣಿ ಲೆಕ್ಕದಲ್ಲಿ ಹತ್ತು ಲಕ್ಷ ಹೆರಿಗೆಗೆ ಸುಮಾರು 20 ಮಕ್ಕಳು. ಅಂಟುರೋಗ ಅಲ್ಲ. ಕರಪತ್ರದ ಮೊದಲ ಸಾಲು ಅದೇ ಇರಲಿ.

ಹುಬ್ಬಳ್ಳಿಮಂದಿ
ರೊಟ್ಟಿ ಉದಾಹರಣಿ ಭಾಳ ಛಲೋ ಕೊಟ್ರಿ ಡಾಕ್ಟ್ರ. ಆದ್ರ ಹುಟ್ಟಿದ ಕೂಸಿನ ಗುಳ್ಳಿ ನೋಡಿ ಇದು ಯಾವ ನಮೂನಿ ಅಂತ ಹೇಳಾಕ ಬರ್ತೈತೇನ್ರಿ? ನಮ್ಮ ಕಡೆ ಮೊದ್ಲ "ಅಮ್ಮ ಆಗ್ಯಾಳ" ಅಂತಾರ, ಇಲ್ಲಾಂದ್ರ ನಾಗದೋಷ ಅಂತಾರ.

ಪದರಪದರ
ಬರಲ್ಲ ರೀ. ಹುಟ್ಟಿದ ವಾರದಲ್ಲಿ ಸಿಂಪ್ಲೆಕ್ಸ್ ಕೂಡ ಭಯಂಕರವಾಗಿ ಕಾಣಬಹುದು, ಆಮೇಲೆ ವಯಸ್ಸಾದ ಹಾಗೆ ಇಳಿಯಬಹುದು. ಹಾಗಾಗಿ ಕಣ್ಣಲ್ಲಿ ನೋಡಿ ಭವಿಷ್ಯ ಹೇಳೋ ಡಾಕ್ಟರನ್ನೂ ನಂಬಬೇಡಿ. ಮೊದಲು ಬೇರೆಯವನ್ನು ತಳ್ಳಿ ಹಾಕಬೇಕು: ಸ್ಟಫಿಲೋಕಾಕಸ್ ಸೋಂಕಿನ ಗುಳ್ಳೆ, ಹರ್ಪಿಸ್, ಹುಟ್ಟು ಸಿಫಿಲಿಸ್. ಇವಕ್ಕೆ ತಕ್ಷಣ ಔಷಧ ಬೇಕು, ತಡ ಮಾಡಿದರೆ ಪ್ರಾಣಕ್ಕೆ ಸಂಚಕಾರ. ಇಬಿ ಅಂತ ಅನುಮಾನ ಇದ್ದರೂ ಆ ಪರೀಕ್ಷೆಗಳು ಮೊದಲು ಆಗಲಿ.

ಬಗೆ ತಿಳಿಯೋಕೆ ಎರಡು ದಾರಿ. ಒಂದು, ಚರ್ಮದ ಬಯಾಪ್ಸಿ ಮಾಡಿ ಪದರ ಎಲ್ಲಿ ಬಿಟ್ಟಿದೆ ಅಂತ ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ, ಅಂದ್ರೆ ಪ್ರೋಟೀನುಗಳಿಗೆ ಹೊಳೆಯೋ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ಹಾಳಾಗೋದು ಇಲ್ಲೇ. ಹಳೇ ಗುಳ್ಳೆಯಿಂದ ತುಂಡು ತೆಗೀತಾರೆ. ಅಷ್ಟರಲ್ಲಿ ತಳದಲ್ಲಿ ಹೊಸ ಚರ್ಮ ಬೆಳೆದು, ಪದರ ಬಿಟ್ಟಿರೋ ಮಟ್ಟ ತಪ್ಪಾಗಿ ಕಾಣುತ್ತೆ. ಗುಳ್ಳೆ ಇಲ್ಲದ ಜಾಗವನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿರುವಿ ಹೊಸ ಗುಳ್ಳೆ ಎಬ್ಬಿಸಿ, ಅದರ ಅಂಚಿನಿಂದ ತೆಗೀಬೇಕು. ಎರಡನೇ ತಪ್ಪು, ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೆ ಹಾಕೋದು. ಫಾರ್ಮಲಿನ್‌ನಲ್ಲಿ ಬಿದ್ದ ತುಂಡು ಈ ಪರೀಕ್ಷೆಗೆ ಬರಲ್ಲ. ತುಂಡು ಕೆಡದಂತೆ ಲ್ಯಾಬಿಗೆ ಸಾಗಿಸೋ ಮೈಕೆಲ್ಸ್ ಮೀಡಿಯಂ ಅನ್ನೋ ದ್ರವ ಬೇಕು, ಅದನ್ನು ಲ್ಯಾಬಿನಿಂದ ಮುಂಚೆಯೇ ತರಿಸಿ ಇಟ್ಟಿರಬೇಕು.

ಇನ್ನೊಂದು ದಾರಿ ರಕ್ತದಿಂದ ಜೀನ್ ಪರೀಕ್ಷೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಮಗುವಿನ ರಕ್ತ, ಜೊತೆಗೆ ತಂದೆ ತಾಯಿ ಇಬ್ಬರದ್ದೂ. ತಂದೆತಾಯಿಯ ರಕ್ತ ಕಳಿಸದೆ ಉಳಿಸೋ ದುಡ್ಡು ಆಮೇಲೆ ಎರಡರಷ್ಟು ಖರ್ಚಾಗುತ್ತೆ.

ಕುಡ್ಲದಕಡಲು
ಅನುಮಾನ ಬರುವ ಮೊದಲೇ ಪ್ಲಾಸ್ಟರ್ ಅಂಟಿಸಿ ಆಗಿದ್ರೆ ಎಂತ ಮಾಡುವುದು ಮಾರಾಯ್ರೇ? ಡ್ರಿಪ್ ಹಾಕಿದ ಕೂಡಲೇ ನಾಲ್ಕು ಸುತ್ತು ಅಂಟಿಸಿಯೇ ಬಿಡ್ತಾರಲ್ಲ.

ಪಟ್ಟಿಪೆಟ್ಟಿಗೆ
ಕೀಳಬೇಡಿ, ಅಷ್ಟೇ. ಪ್ಲಾಸ್ಟರ್ ಜೊತೆ ಚರ್ಮ ಸುಲಿದು ಬರುತ್ತೆ. ಸಿಲಿಕೋನ್ ಆಧಾರಿತ ಅಂಟುಬಿಡಿಸುವ ಸ್ಪ್ರೇ ಇದ್ದರೆ ಅದು. ಇಲ್ಲದಿದ್ದರೆ ವ್ಯಾಸಲೀನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಧಾರಾಳ ಹಚ್ಚಿ ನೆನೆಯೋಕೆ ಬಿಡಿ, ಆಮೇಲೆ ಅಂಚನ್ನು ಮೇಲಕ್ಕೆತ್ತದೆ ಹಿಂದಕ್ಕೆ ಸುರುಳಿ ಸುತ್ತುತ್ತಾ ಬನ್ನಿ. ಅವಸರ ಇಲ್ಲ ಅಂದ್ರೆ ಅದಾಗೇ ಬಿಡೋವರೆಗೂ ಇರಲಿ. ಡ್ರಿಪ್ ಬೇಕೇ ಬೇಕು ಅಂದ್ರೆ ಸಿಲಿಕೋನ್ ಟೇಪ್, ಅಥವಾ ಬರೀ ಮೆತ್ತನೆ ರೋಲರ್ ಬ್ಯಾಂಡೇಜ್ ಸುತ್ತಿ. ಬಿಪಿ ಪಟ್ಟಿ ಕಟ್ಟೋ ಮೊದಲು ಕೆಳಗೆ ದಪ್ಪ ಹತ್ತಿ ಪ್ಯಾಡ್. ಇಸಿಜಿಯ ಅಂಟು ಬಿಲ್ಲೆಗಳು ಬೇಡ. ಸ್ಪಿರಿಟ್ ಹತ್ತಿಯಿಂದ ತೋಳು ಉಜ್ಜೋ ಅಭ್ಯಾಸ ಬಿಡಬೇಕು, ಒತ್ತಿ ತೆಗೆದರೆ ಸಾಕು. ಲಸಿಕೆಗಳನ್ನೆಲ್ಲ ವೇಳಾಪಟ್ಟಿ ಪ್ರಕಾರವೇ ಹಾಕಿಸಿ, ಚುಚ್ಚಿದ ಜಾಗ ಉಜ್ಜಬೇಡಿ.

ಹುಟ್ಟಿದ ದಿನವೇ ಮಾಡಬೇಕಾದ್ದು: ಹೊಕ್ಕುಳಿನ ಪ್ಲಾಸ್ಟಿಕ್ ಕ್ಲಿಪ್ ತೆಗೆದು ದಾರ ಕಟ್ಟಬೇಕು, ಕ್ಲಿಪ್ಪಿನ ಅಂಚು ಹೊಟ್ಟೆ ಚರ್ಮ ಕೆರೆಯುತ್ತೆ. ಕೈಯ ಹೆಸರಿನ ಪಟ್ಟಿ ಬಿಚ್ಚಿ ತೊಟ್ಟಿಲಿಗೆ ಕಟ್ಟಿ. ಅವಧಿಗೆ ಮುಂಚೆ ಹುಟ್ಟಿದ ಮಗು ಅಲ್ಲದಿದ್ದರೆ ಇನ್‌ಕ್ಯುಬೇಟರ್ ಬೇಡ, ಸೆಕೆಗೆ ಗುಳ್ಳೆ ಹೆಚ್ಚುತ್ತೆ.

ಹುಬ್ಬಳ್ಳಿಮಂದಿ
ಎತ್ತಿಕೊಳ್ಳೋದು ಹೆಂಗ್ರೀ? ಬಗಲಾಗ ಕೈ ಹಾಕಿ ಎತ್ತೋದ ಎಲ್ಲಾರ ರೂಢಿ.

ಪಟ್ಟಿಪೆಟ್ಟಿಗೆ
ಕಂಕುಳಲ್ಲಿ ಕೈ ಹಾಕಿದರೆ ಮಗುವಿನ ಇಡೀ ಭಾರ ನಿಮ್ಮ ಎರಡು ಹೆಬ್ಬೆರಳ ಕೆಳಗೆ ಜಾರುತ್ತೆ. ಚರ್ಮ ಅಲ್ಲೇ ಬಿಡುತ್ತೆ. ಮಗುವನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕುಂಡಿಯ ಕೆಳಗೆ ಇಟ್ಟು, ಮತ್ತೆ ಕೈ ಮೇಲೆ ಹೊರಳಿಸಿಕೊಂಡು ಎತ್ತಿ. ಚಿಕ್ಕ ಕೂಸಾದರೆ ಮೆತ್ತನೆ ಫೋಮ್ ತುಂಡಿನ ಸಮೇತ ಎತ್ತೋದು ಇನ್ನೂ ಸುಲಭ. ಒತ್ತಡ ಪರವಾಗಿಲ್ಲ, ಜಾರೋದು ಕೂಡದು. ಇಡೀ ಕಾಯಿಲೆಯ ವ್ಯಾಕರಣ ಇಷ್ಟೇ.

ಗಂಜಿಚಮಚ
ತುಂಗಾತೀರ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ನಮ್ಮ ಬಾಣಂತನದ ಕೋಣೆಯಲ್ಲಿ ನಡೆಯೋ ಅರ್ಧ ಕೆಲಸ ಈ ಮಗುವಿಗೆ ಆಗಿಬರಲ್ಲ. ಎಣ್ಣೆ ನೀರು ಅಂತ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ತಿಕ್ಕಿ ತೀಡೋದು, ಆಮೇಲೆ ಕೈ ಸುಡೋ ನೀರು ಹುಯ್ಯೋದು, ಸಾಂಬ್ರಾಣಿ ಹೊಗೆ ಹಾಕಿ ಬಾಗಿಲು ಮುಚ್ಚಿ ಬೆಚ್ಚಗೆ ಸುತ್ತೋದು, ಎಲ್ಲ ನಿಲ್ಲಬೇಕು. ಉಡಿದಾರ ಬೇಡ, ಕೈಗೆ ಕಪ್ಪುಮಣಿ ಬಳೆ ಬೇಡ, ಕಾಲ್ಗಡಗ ಬೇಡ. ಸೊಂಟದ ಸುತ್ತ ದಾರದ ಗೀಟಿನುದ್ದಕ್ಕೂ ಸಾಲಾಗಿ ಗುಳ್ಳೆ ಏಳುತ್ತೆ. ಕಿವಿ ಚುಚ್ಚೋದು, ಬ್ಲೇಡಿನಲ್ಲಿ ಮುಡಿ ತೆಗೆಸೋದು ಬೇಡ. ಹರಕೆ ಇದ್ದರೆ ಕತ್ತರಿಯಲ್ಲಿ ಮೂರು ಎಳೆ ಕೂದಲು ಕತ್ತರಿಸಿ ಒಪ್ಪಿಸಿದರೆ ದೇವರೇನೂ ಮುನಿಯಲ್ಲ.

ಇವನ್ನೆಲ್ಲ "ಮೂಢನಂಬಿಕೆ" ಅಂತ ಬರೀಬೇಡಿ. ಅಜ್ಜಿಯರು ಅಲ್ಲೇ ಕರಪತ್ರ ಮಡಚಿ ಇಡ್ತಾರೆ. "ಬೇರೆ ಮಕ್ಕಳಿಗೆ ಸರಿ, ಈ ಮಗುವಿನ ಚರ್ಮಕ್ಕೆ ಆಗದು" ಅಂತ ಬರೀರಿ.

ಬಟ್ಟೆ ಹಳೇ ಪಂಚೆಯಷ್ಟು ಮೆತ್ತಗಿರಲಿ. ಅಂಗಿ ಒಳಮಗ್ಗುಲು ಹೊರಗೆ ಮಾಡಿ ಹಾಕಿ, ಹೊಲಿಗೆ ಗೀಟು ಮೈಗೆ ತಾಗಬಾರದು. ಡೈಪರ್ ಹಾಕೋದಾದ್ರೆ ತೊಡೆಯ ಎಲಾಸ್ಟಿಕ್ ಕತ್ತರಿಸಿ, ಒಳಗೆ ಮೆದು ಬಟ್ಟೆ ಹಾಸಿ. ಎದೆಹಾಲು ಕುಡಿಸಬಹುದು. ಮಗುವಿನ ತುಟಿಗೆ, ಕೆನ್ನೆಗೆ, ತಾಯಿಯ ಮೊಲೆತೊಟ್ಟಿಗೆ ತೆಳ್ಳಗೆ ವ್ಯಾಸಲೀನ್ ಸವರಿ. ಬಾಯೊಳಗೆ ಗುಳ್ಳೆ ಜಾಸ್ತಿ ಇದ್ದರೆ, ಹೆಚ್ಚು ಚೀಪದೆಯೇ ಹಾಲು ಬರೋ ಹೇಬರ್‌ಮನ್ ಬಾಟಲಿ ಉಂಟು.

ಅಡ್ಡಪ್ರಶ್ನೆ
ಅರಿಶಿನ, ಬೇವಿನೆಲೆ? ಅವಕ್ಕೂ ಗೇಟ್ ಪಾಸ್ ಇಲ್ವಾ?

ಪಟ್ಟಿಪೆಟ್ಟಿಗೆ
ಅರಿಶಿನದ ಲೇಪ ಒಣಗಿ ಹೊಪ್ಪಳೆ ಕಟ್ಟುತ್ತೆ, ತೆಗೆಯುವಾಗ ಕೆಳಗಿನ ಹೊಸ ಚರ್ಮವೂ ಎದ್ದು ಬರುತ್ತೆ. ಒಣಗಿ ಅಂಟೋ ಯಾವುದೂ ಬೇಡ, ಅದು ಆಯುರ್ವೇದದ್ದೋ ಅಲೋಪತಿಯದ್ದೋ ಅನ್ನೋದು ಮುಖ್ಯ ಅಲ್ಲ. ಪೊವಿಡೋನ್ ಅಯೋಡಿನ್ ಕೂಡ ಎಳೆಗೂಸಿನ ಮೈತುಂಬ ಹಚ್ಚಿದರೆ ಅಯೋಡಿನ್ ಒಳಗಿಳಿದು ಥೈರಾಯ್ಡ್ ಕೆಡಿಸುತ್ತೆ. ಬೆಳ್ಳಿ ಇರೋ ಬಿಳಿ ಮುಲಾಮನ್ನು ದೊಡ್ಡ ಗಾಯಕ್ಕೆ ತಿಂಗಳುಗಟ್ಟಲೆ ಬಳಿಯೋದೂ ಬೇಡ, ಬೆಳ್ಳಿಯೂ ಒಳಗಿಳಿಯುತ್ತೆ. ಮ್ಯುಪಿರೋಸಿನ್ ಅನ್ನೋ ಆಂಟಿಬಯಾಟಿಕ್ ಮುಲಾಮು ದಿನಾ ಹಚ್ಚುತ್ತಾ ಹೋದರೆ ಕ್ರಿಮಿ ಅದಕ್ಕೆ ಒಗ್ಗಿಕೊಂಡು, ನಿಜವಾಗಿ ಬೇಕಾದ ದಿನ ಕೆಲಸಕ್ಕೆ ಬರಲ್ಲ.

ಕುಡ್ಲದಕಡಲು
ಬಾಳೆಎಲೆ ಬಗ್ಗೆ ಎಂತ ಹೇಳ್ತೀರಿ? ಚರ್ಮದ ವಾರ್ಡಿನಲ್ಲಿ ಮೈ ಸುಲಿದವರನ್ನು ಬಾಳೆಎಲೆ ಮೇಲೆ ಮಲಗಿಸುವ ಕ್ರಮ ಉಂಟಲ್ಲ?

ಪದರಪದರ
ಉಂಟು, ಅದು ಕಟ್ಟುಕಥೆ ಅಲ್ಲ. ಸುಟ್ಟಗಾಯಕ್ಕೆ ಬಾಳೆಎಲೆ ಡ್ರೆಸ್ಸಿಂಗ್ ಬಗ್ಗೆ ನಮ್ಮ ದೇಶದ ವೈದ್ಯರೇ ಪ್ರಬಂಧ ಪ್ರಕಟಿಸಿದ್ದಾರೆ. ಎಲೆಯ ಮೇಣದಂಥ ನುಣುಪು ಗಾಯಕ್ಕೆ ಅಂಟಲ್ಲ, ತಂಪೂ ಹೌದು. ಆದರೆ ಆಸ್ಪತ್ರೆಯಲ್ಲಿ ನಡುದಂಟು ತೆಗೆದು, ಆಟೋಕ್ಲೇವ್ ಮಾಡಿ, ಅಂದ್ರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು ಬಳಸ್ತಾರೆ. ಸಂತೆಯಿಂದ ತಂದ ಎಲೆಯಲ್ಲಿ ಮಣ್ಣು, ತೋಟದ ಔಷಧ ಎರಡೂ ಇರುತ್ತೆ. ಹಾಸಿಗೆ ಮೇಲೆ ಹಾಸೋಕೆ ಸರಿ, ಮನೆಯಲ್ಲಿ ಹಸಿಗಾಯಕ್ಕೆ ನೇರ ಕಟ್ಟೋಕೆ ಬೇಡ.

ತುಂಗಾತೀರ
ಪಟ್ಟಿಪೆಟ್ಟಿಗೆ ಅಕ್ಕ, ಡ್ರೆಸ್ಸಿಂಗ್ ಖರ್ಚಿನ ಮಾತು ಬರಲೇ ಇಲ್ಲ. ಸಿಲಿಕೋನ್ ಪಟ್ಟಿ ಕೊಳ್ಳೋಕಾಗದವರು ಏನು ಮಾಡೋದು?

ಪಟ್ಟಿಪೆಟ್ಟಿಗೆ
ಎಲ್ಲ ಕಡೆ ಸಿಲಿಕೋನ್ ಬೇಕಾಗಿಲ್ಲ. ಇರೋ ಮೆಪಿಟೆಲ್ ಥರದ ಸಿಲಿಕೋನ್ ಜಾಲಿಯನ್ನು ಬೆರಳ ಸಂದಿ, ಕುತ್ತಿಗೆ, ಕೀಲುಗಳಿಗೆ ಮೀಸಲಿಡಿ. ಉಳಿದ ಕಡೆ ಪ್ಯಾರಾಫಿನ್ ಗಾಜ್, ಅದೂ ಎರಡು ಪದರ. ಒಂದೇ ಪದರ ಹಾಕಿದರೆ ಪ್ಯಾರಾಫಿನ್ ಒಂದು ದಿನದೊಳಗೆ ಒಣಗುತ್ತೆ, ಹೊಸ ಚರ್ಮ ಜಾಲಿಯ ಕಣ್ಣುಗಳೊಳಗೆ ಬೆಳೆಯುತ್ತೆ, ಬಿಚ್ಚುವಾಗ ರಕ್ತ. ಅದರ ಮೇಲೆ ಇನ್ನಷ್ಟು ವ್ಯಾಸಲೀನ್, ಮೇಲೆ ಮೆತ್ತನೆ ಪ್ಯಾಡ್, ಆಮೇಲೆ ರೋಲರ್ ಬ್ಯಾಂಡೇಜ್, ಕೊನೆಗೆ ಕೊಳವೆಯಾಕಾರದ ಜಾಲಿ ಬ್ಯಾಂಡೇಜ್. ಅಂಟೋ ಟೇಪು ಬೇಕಿದ್ದರೆ ಬ್ಯಾಂಡೇಜಿಗೆ ಬ್ಯಾಂಡೇಜ್ ಅಂಟಿಸಿ, ಮೈಗಲ್ಲ.

ಬದಲಾಯಿಸುವಾಗ ಒಂದು ಕೈ ಮುಗಿಸಿ ಕಟ್ಟಿ, ಆಮೇಲೆ ಇನ್ನೊಂದು. ಇಡೀ ಮೈ ಒಟ್ಟಿಗೆ ಬಿಚ್ಚಿದರೆ ಮಗು ಒದ್ದಾಡಿ ಕಾಲಿಗೆ ಕಾಲು ಉಜ್ಜಿಕೊಂಡು ನಾಲ್ಕು ಹೊಸ ಗಾಯ ಮಾಡ್ಕೊಳ್ಳುತ್ತೆ. ಅರ್ಧ ಮುಕ್ಕಾಲು ಗಂಟೆ ಮುಂಚೆ ವೈದ್ಯರು ತೂಕ ನೋಡಿ ಬರೆದಷ್ಟು ಪ್ಯಾರಾಸಿಟಮಾಲ್ ಕೊಡಿ. ಹೊಸ ಪಟ್ಟಿಗಳನ್ನೆಲ್ಲ ಮೊದಲೇ ಕತ್ತರಿಸಿ, ಮುಲಾಮು ಸವರಿ, ಸಾಲಾಗಿ ಜೋಡಿಸಿ ಇಟ್ಟಿರಬೇಕು. ಗಾಯ ಬಿಚ್ಚಿಕೊಂಡು ಕತ್ತರಿ ಹುಡುಕೋದಲ್ಲ. ಡಿಸ್ಟ್ರೋಫಿಕ್ ಅಂತ ಗೊತ್ತಾದ ಮೇಲೆ ಬೆರಳುಗಳನ್ನು ಒಂದೊಂದಾಗಿ, ಸಂದಿಗೆ ಪಟ್ಟಿ ತೂರಿಸಿ ಸುತ್ತಬೇಕು. ಐದೂ ಸೇರಿಸಿ ಮುಷ್ಟಿ ಕಟ್ಟಿದರೆ ಬೆರಳು ಬೆಸೆಯೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಆಪರೇಷನ್ ಮಾಡಿ ಬಿಡಿಸಿದರೂ ಕೆಲವೇ ವರ್ಷಗಳಲ್ಲಿ ಮತ್ತೆ ಕೂಡಿಕೊಳ್ತವೆ.

ಪದರಪದರ
ಸ್ನಾನದ ಲೆಕ್ಕ ಸೇರಿಸ್ತೀನಿ. ಬರೀ ನೀರು ಹಸಿಗಾಯಕ್ಕೆ ಉರಿಯುತ್ತೆ, ಮಕ್ಕಳು ಸ್ನಾನ ಅಂದ್ರೆ ಕಿರುಚೋದು ಅದಕ್ಕೇ. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ನೀರು ದೇಹದ ದ್ರವದಷ್ಟೇ ಉಪ್ಪಾಗುತ್ತೆ, ಉರಿ ತಗ್ಗುತ್ತೆ. 10 ಲೀಟರ್ ಬಕೆಟ್ಟಿಗೆ 90 ಗ್ರಾಂ. "ಗಾಯಕ್ಕೆ ಉಪ್ಪಾ?" ಅಂತ ಹೆದರಬೇಡಿ, ಹೆದರಬೇಕಾದ್ದು ಅಳತೆ ಇಲ್ಲದ ಹಿಡಿ ಉಪ್ಪಿಗೆ.

ಸೋಂಕು ಪದೇ ಪದೇ ಬರ್ತಿದ್ದರೆ ಬ್ಲೀಚ್ ನೀರು, ವೈದ್ಯರು ಹೇಳಿದ ಮೇಲೆ ಮಾತ್ರ. ಗುರಿ ಶೇ. 0.005. ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಶೇ. 5 ಅಂತ ಇದ್ದರೆ ಲೀಟರ್ ನೀರಿಗೆ 1 ಮಿ.ಲೀ., ಶೇ. 4 ಅಂತ ಇದ್ದರೆ 1.25 ಮಿ.ಲೀ. ಸಿರಿಂಜಿನಲ್ಲಿ ಅಳೆಯಿರಿ, ಮುಚ್ಚಳದಲ್ಲಿ ಅಲ್ಲ. 5ರಿಂದ 10 ನಿಮಿಷ, ವಾರಕ್ಕೆ ಎರಡು ಮೂರು ಸಲ, ಆಮೇಲೆ ತಿಳಿನೀರು. ಸುವಾಸನೆಯದ್ದು ಬೇಡ, ಬ್ಲೀಚಿಂಗ್ ಪೌಡರ್ ಬೇಡ, ಟಾಯ್ಲೆಟ್ ತೊಳೆಯೋ ಆಸಿಡ್ ಅಂತೂ ಹತ್ತಿರಕ್ಕೂ ಬೇಡ. ಕೆಲವರಿಗೆ ವಿನೆಗರ್ ನೀರು ಹೇಳಿರ್ತಾರೆ. ಅದನ್ನೂ ಬ್ಲೀಚನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತೆ, ಜೋಕೆ.

ಜೀನ್‌ಲೆಕ್ಕ
ಈಗ ಮದುವೆ ವಿಷಯ. "ರಕ್ತಸಂಬಂಧದ ಮದುವೆಯಿಂದ ಬರುತ್ತೆ" ಅನ್ನೋ ಸಾಲು ತೆಗೆದುಹಾಕಿ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗೋದು ಜೀನನ್ನು ಕೆಡಿಸಲ್ಲ. ಎಲ್ಲರಲ್ಲೂ ಒಂದೊಂದು ಜೀನಿಗೆ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಕೆಟ್ಟ ಒಂದು ಪ್ರತಿ ಮನೆತನದಲ್ಲಿ ಮೊದಲೇ ಸದ್ದಿಲ್ಲದೆ ಇದ್ದರೆ, ಅಂಥ ಎರಡು ಪ್ರತಿ ಒಂದೇ ಮಗುವಿನಲ್ಲಿ ಸೇರೋ ಸಾಧ್ಯತೆ ಹೆಚ್ಚುತ್ತೆ. ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬರೋ ಸಾಧ್ಯತೆ ಸೋದರಮಾವ–ಅಕ್ಕನ ಮಗಳ ಮದುವೆಯ ಮಗುವಿಗೆ 8ರಲ್ಲಿ 1, ಅತ್ತೆ ಮಗ–ಮಾವನ ಮಗಳ ಮಗುವಿಗೆ 16ರಲ್ಲಿ 1. ಜಂಕ್ಷನಲ್‌ಗೆ, ತೀವ್ರ ಡಿಸ್ಟ್ರೋಫಿಕ್‌ಗೆ ಇದು ಅನ್ವಯ. ಸಿಂಪ್ಲೆಕ್ಸ್‌ನಲ್ಲಿ ಹೆಚ್ಚಿನವಕ್ಕೆ ಒಂದೇ ಕೆಟ್ಟ ಪ್ರತಿ ಸಾಕು, ಅಲ್ಲಿ ಸಂಬಂಧದ ಮದುವೆಗೂ ಕಾಯಿಲೆಗೂ ಕೊಂಡಿಯೇ ಇಲ್ಲ.

ಅಡ್ಡಪ್ರಶ್ನೆ
ತಂದೆತಾಯಿ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ ಅಂದ್ರೆ ಎರಡು ಪ್ರತಿಯ ಬಗೆ ಅಂತ ತಾನೇ? ಅದಕ್ಯಾಕೆ ದುಬಾರಿ ಪರೀಕ್ಷೆ?

ಜೀನ್‌ಲೆಕ್ಕ
ಎಡವೋದು ಇಲ್ಲೇ. ಏಳನೇ ಕೊಲಾಜೆನ್ ಕೊಡೋ ಕಾಲ್7ಎ1 ಜೀನಿನಲ್ಲಿ 118 ಎಕ್ಸಾನ್‌ಗಳಿವೆ, ಅಂದ್ರೆ ಪ್ರೋಟೀನಿನ ಸೂಚನೆ ಇರೋ ತುಂಡುಗಳು. ಅದರಲ್ಲಿ ಕೆಲವು ಬದಲಾವಣೆ ಎರಡು ಪ್ರತಿ ಬೇಕಾದವು, ಕೆಲವು ಒಂದೇ ಸಾಕಾದವು. ಒಂದೇ ಸಾಕಾದದ್ದು ಮಗುವಿನಲ್ಲಿ ಹೊಸದಾಗಿ ಹುಟ್ಟಿರಲೂಬಹುದು. ಆಗಲೂ ತಂದೆತಾಯಿ ಗಟ್ಟಿಮುಟ್ಟಾಗೇ ಇರ್ತಾರೆ. ಎರಡು ಪ್ರತಿಯ ಬಗೆಯಾದರೆ ಮುಂದಿನ ಪ್ರತಿ ಬಸಿರಿಗೂ ಶೇ. 25 ಅಪಾಯ, ಹೊಸದಾಗಿ ಹುಟ್ಟಿದ್ದಾದರೆ ಅಪಾಯ ತೀರಾ ಕಡಿಮೆ. ಈ ವ್ಯತ್ಯಾಸ ಮೂವರ ರಕ್ತ ನೋಡದೆ ಗೊತ್ತಾಗಲ್ಲ. "ಒಂದು ಮಗುವಿಗೆ ಬಂದಾಯ್ತು, ಇನ್ನು ಮೂರಕ್ಕೆ ಬರಲ್ಲ" ಅನ್ನೋ ಲೆಕ್ಕವೂ ತಪ್ಪು. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮಿದ ಹಾಗೆ. ಎರಡು ಪ್ರತಿಯ ಬಗೆಯಲ್ಲಿ, ಕಾಯಿಲೆ ಇಲ್ಲದ ಅಣ್ಣ, ತಂಗಿಯರು ವಾಹಕರಾಗಿರೋ, ಅಂದ್ರೆ ಒಂದು ಕೆಟ್ಟ ಪ್ರತಿ ಮಾತ್ರ ಹೊತ್ತಿರೋ ಸಾಧ್ಯತೆ ಮೂರರಲ್ಲಿ ಎರಡು.

ಮುಂದಿನ ಬಸಿರಿಗೆ ಪರೀಕ್ಷೆ ಬೇಕಿದ್ದರೆ ಜೀನ್ ವರದಿ ಬಸಿರಿಗೆ ಮುಂಚೆಯೇ ಕೈಯಲ್ಲಿರಬೇಕು. 11–13 ವಾರಕ್ಕೆ ಮಾಸು ಚೂರಿನ ಪರೀಕ್ಷೆ, ಅಥವಾ 16 ವಾರದ ನಂತರ ಗರ್ಭನೀರಿನ ಪರೀಕ್ಷೆ. ವರದಿ ಇಲ್ಲದೆ ಬಂದರೆ ಏನನ್ನು ಹುಡುಕಬೇಕು ಅಂತಲೇ ಲ್ಯಾಬಿಗೆ ಗೊತ್ತಿರಲ್ಲ. 2021ರ ಕಾನೂನು ತಿದ್ದುಪಡಿ ಪ್ರಕಾರ 24 ವಾರ ದಾಟಿದ ಮೇಲೆ ಭ್ರೂಣದ ಗಂಭೀರ ದೋಷಕ್ಕೆ ರಾಜ್ಯದ ವೈದ್ಯಕೀಯ ಮಂಡಳಿ ಒಪ್ಪಬೇಕು. ಹಾಗಾಗಿ ವಾರಗಳ ಲೆಕ್ಕ ತಪ್ಪಬಾರದು.

ಗಂಜಿಚಮಚ
ಊಟ. ಮೈತುಂಬ ಗಾಯ ಇರೋ ಮಗು ಹಗಲೂ ರಾತ್ರಿ ಚರ್ಮ ಹೊಲಿಯೋ ಕೆಲಸದಲ್ಲೇ ಇರುತ್ತೆ, ಗಾಯದಿಂದ ಪ್ರೋಟೀನ್, ಕಬ್ಬಿಣ ಸೋರ್ತಾ ಇರುತ್ತೆ. ಸಾಮಾನ್ಯ ಮಗುವಿನ ಊಟ ಇದಕ್ಕೆ ಸಾಲದು. ಬಾಯಿ, ಗಂಟಲಲ್ಲೂ ಗುಳ್ಳೆ ಏಳೋದರಿಂದ ಚಕ್ಕುಲಿ, ನಿಪ್ಪಟ್ಟು, ಗರಿ ದೋಸೆಯ ಅಂಚು, ಬಿಸಿ ಸಾರು ಬೇಡ. ರಾಗಿ ಸರಿ ತೆಳ್ಳಗೆ, ಉಗುರು ಬೆಚ್ಚಗೆ, ತುಪ್ಪ ಹಾಕಿ. ಮೆತ್ತಗೆ ಬೆಂದ ಹೆಸರುಬೇಳೆ, ಮೊಸರನ್ನ, ಮೊಟ್ಟೆ. ಮಲಬದ್ಧತೆಯನ್ನು ಹಗುರವಾಗಿ ತಗೋಬೇಡಿ. ಗಟ್ಟಿ ಮಲ ಗುದದ ಚರ್ಮ ಹರಿಯುತ್ತೆ, ಮಗು ನೋವಿಗೆ ಹೆದರಿ ತಡೆಹಿಡಿಯುತ್ತೆ, ಆಮೇಲೆ ಊಟವನ್ನೇ ಬಿಡುತ್ತೆ. "ಹಠ ಮಾಡುತ್ತೆ, ತಿನ್ನಲ್ಲ" ಅನ್ನೋದರ ಹಿಂದೆ ಬಹಳ ಸಲ ಇರೋದು ಇದೇ. ನುಂಗುವಾಗ ಅನ್ನ ಎದೆಯಲ್ಲೇ ನಿಂತ ಹಾಗಾದರೆ ಅನ್ನನಾಳ ಕಿರಿದಾಗಿರಬಹುದು, ಬಲೂನ್ ಹಾಕಿ ಹಿಗ್ಗಿಸ್ತಾರೆ.

ಕಡಲಾಚೆ
ಇಲ್ಲಿ ಅಮೆರಿಕದಲ್ಲಿ ಜೆಲ್ ಬಂದಿದೆಯಲ್ಲ, ಅದನ್ನು ಯಾರೂ ಹೇಳ್ಲಿಲ್ಲ. ವೈಜುವೆಕ್. 2023ರ ಮೇ ತಿಂಗಳಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು. ಹರ್ಪಿಸ್ ವೈರಸ್ಸಿನ ಹಲ್ಲು ಕಿತ್ತು, ಅದರೊಳಗೆ ಸರಿಯಾದ ಕಾಲ್7ಎ1 ಜೀನ್ ಇಟ್ಟು, ಜೆಲ್ ಮಾಡಿ ವಾರಕ್ಕೊಮ್ಮೆ ಗಾಯದ ಮೇಲೆ ಹನಿ ಹನಿಯಾಗಿ ಹಾಕ್ತಾರೆ. 31 ಜನರ ಪ್ರಯೋಗದಲ್ಲಿ ಆರು ತಿಂಗಳಿಗೆ ಶೇ. 67 ಗಾಯ ಪೂರ್ತಿ ಮುಚ್ಚಿದವು, ಔಷಧ ಇಲ್ಲದ ಜೆಲ್ ಹಾಕಿದಲ್ಲಿ ಶೇ. 22.

ಅಡ್ಡಪ್ರಶ್ನೆ
ಮತ್ತೆ ಗುಣ ಆಯ್ತಲ್ಲ! ಇಷ್ಟೆಲ್ಲ ಉಪ್ಪು ನೀರು, ಸೂಜಿ ಪುರಾಣ ಯಾಕೆ?

ಪದರಪದರ
ಗುಣ ಅಲ್ಲ. ಜೀನ್ ಕೋಶದೊಳಗೆ ಹೋಗಿ ಕೆಲಸ ಮಾಡುತ್ತೆ, ಆದರೆ ಕೋಶದ ವರ್ಣತಂತುವಿಗೆ ಸೇರಲ್ಲ. ಚರ್ಮ ಬದಲಾದ ಹಾಗೆ ಮತ್ತೆ ಹಾಕ್ತಾ ಇರಬೇಕು. ಡಿಸ್ಟ್ರೋಫಿಕ್‌ಗೆ ಮಾತ್ರ. ಅನ್ನನಾಳಕ್ಕೆ ತಲುಪಲ್ಲ. ಬೆಲೆ ಒಂದು ಬಾಟಲಿಗೆ 24 ಸಾವಿರ ಡಾಲರ್ ಮೇಲೆ. ಭೂರ್ಜ ಮರದ ತೊಗಟೆಯ ಸಾರದಿಂದ ಮಾಡಿದ ಫಿಲ್ಸುವೆಜ್ ಜೆಲ್ ಯೂರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೀತು, ಡಿಸ್ಟ್ರೋಫಿಕ್, ಜಂಕ್ಷನಲ್ ಎರಡಕ್ಕೂ. ಅದರ ಫಲ ಸಾಧಾರಣ: 45 ದಿನದಲ್ಲಿ ಗಾಯ ಮುಚ್ಚಿದ್ದು ಶೇ. 41, ಬರೀ ಜೆಲ್‌ನಲ್ಲಿ ಶೇ. 29. ರೋಗಿಯ ಸ್ವಂತ ಕೋಶದ ಜೀನ್ ತಿದ್ದಿ ಹಾಳೆಯಂತೆ ಬೆಳೆಸಿ ಹೊಲಿಯೋ ಜೆವಾಸ್ಕಿನ್ 2025ರ ಏಪ್ರಿಲ್‌ನಲ್ಲಿ ಬಂತು.

ಈ ದಾರಿಯ ದೊಡ್ಡ ಗೆಲುವು 2017ರಲ್ಲಿ ಪ್ರಕಟವಾದದ್ದು: ಜರ್ಮನಿಯ ಬೋಖುಮ್‌ನಲ್ಲಿ ಜಂಕ್ಷನಲ್ ಇಬಿಯ ಏಳು ವರ್ಷದ ಹುಡುಗನ ಮೈಯ ಶೇ. 80ರಷ್ಟು ಹೊರಚರ್ಮವನ್ನು ಇಟಲಿಯ ಮಿಕೆಲೆ ಡಿ ಲೂಕಾ ತಂಡ ಬೆಳೆಸಿಕೊಟ್ಟ ಚರ್ಮದಿಂದ ಬದಲಾಯಿಸಿದರು. ಇದೆಲ್ಲ ನಡೆದರೂ ನಾಳೆ ಬೆಳಗ್ಗೆ ಸೂಜಿ ಬೇಕೇ ಬೇಕು.

ಇನ್ನೊಂದನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಎರಡು ಪ್ರತಿಯ ತೀವ್ರ ಡಿಸ್ಟ್ರೋಫಿಕ್ ಇರೋರಿಗೆ ಚರ್ಮದ ಕ್ಯಾನ್ಸರ್, ಸ್ಕ್ವಾಮಸ್ ಸೆಲ್ ಅನ್ನೋದು, ಅಮೆರಿಕದ ನೋಂದಣಿಯಲ್ಲಿ 20 ವರ್ಷದೊಳಗೆ ಶೇ. 7.5 ಮಂದಿಗೆ, 35ರೊಳಗೆ ಶೇ. 68ರಷ್ಟು ಮಂದಿಗೆ ಬಂದಿದೆ. ನಾಲ್ಕು ವಾರ ದಾಟಿದರೂ ಮಾಯದ, ಅಂಚು ಗಟ್ಟಿಯಾದ, ಬೇರೆ ಗಾಯಕ್ಕಿಂತ ಬೇರೆ ಥರ ನೋಯೋ ಹುಣ್ಣಿದ್ದರೆ ಬಯಾಪ್ಸಿ. "ಇಬಿ ಅಲ್ವಾ, ಹುಣ್ಣು ಇದ್ದದ್ದೇ" ಅಂತ ಬಿಡೋದೇ ಇಲ್ಲಿ ಪ್ರಾಣ ತೆಗೆಯೋದು. ಹತ್ತು ವರ್ಷ ತುಂಬಿದ ಮೇಲೆ 3ರಿಂದ 6 ತಿಂಗಳಿಗೊಮ್ಮೆ ಪಟ್ಟಿ ಎಲ್ಲ ಬಿಚ್ಚಿ ಇಡೀ ಮೈ ತೋರಿಸಬೇಕು.

ಕಡತಕೋಟೆ
ಸರ್ಕಾರದ ಬಾಬತ್ತು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ 50 ಲಕ್ಷದವರೆಗೆ ನೆರವು ಇದೆ, ಆದರೆ ಪಟ್ಟಿಯಲ್ಲಿರೋ ಕಾಯಿಲೆಗೆ, ಗುರುತಿಸಿದ ಕೇಂದ್ರದ ಮೂಲಕ ಮಾತ್ರ. ಕರ್ನಾಟಕಕ್ಕೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಜೊತೆಯಾಗಿ ಆ ಕೇಂದ್ರ. ಹೋಗುವಾಗ ಜೀನ್ ವರದಿ ಇದ್ದರೆ ಒಂದು ಓಡಾಟ ಉಳಿಯುತ್ತೆ.

ಅಂಗವಿಕಲರ 2016ರ ಕಾಯ್ದೆಯ 21 ವಿಧಗಳಲ್ಲಿ ಇಬಿ ಹೆಸರು ಇಲ್ಲ. "ಚರ್ಮರೋಗ" ಅಂತ ಅರ್ಜಿ ಹಾಕಿದರೆ ಕೌಂಟರಿನಲ್ಲೇ ವಾಪಸ್. ಬೆರಳು ಬೆಸೆದಿದ್ದರೆ, ಕೀಲು ಮಡಚಿಕೊಂಡಿದ್ದರೆ ಚಲನಾಂಗ ವೈಕಲ್ಯ ಅಂತ ಮೂಳೆ ತಜ್ಞರಿಂದ ಅಳೆಸಿ. ಶೇ. 40 ದಾಟಿದರೆ ಸೌಲಭ್ಯಗಳಿಗೆ ಅರ್ಹತೆ.

ಹುಬ್ಬಳ್ಳಿಮಂದಿ
ಆಧಾರದ ಗತಿ ಏನ್ರಿ? ಬೆರಳಚ್ಚ ಬರಂಗಿಲ್ಲಲ್ಲ.

ಕಡತಕೋಟೆ
ಐದು ವರ್ಷದೊಳಗೆ ಬೆರಳಚ್ಚು ಕೇಳೋದೇ ಇಲ್ಲ. ಐದಕ್ಕೂ ಹದಿನೈದಕ್ಕೂ ಬಯೋಮೆಟ್ರಿಕ್ ನವೀಕರಣ ಬರುತ್ತೆ, ಆಗ "ಬಯೋಮೆಟ್ರಿಕ್ ಎಕ್ಸೆಪ್ಷನ್" ಅಂತ ನಮೂದಿಸಿ ಕಣ್ಣಿನ ಐರಿಸ್ ಮೇಲೆ ಮಾಡಿಸಬಹುದು. ಆಪರೇಟರ್ ಬೆರಳನ್ನು ಯಂತ್ರಕ್ಕೆ ಒತ್ತಿ ಒತ್ತಿ ಪ್ರಯತ್ನ ಮಾಡೋಕೆ ಬಿಡಬೇಡಿ, ಮೊದಲೇ ಹೇಳಿ.

ಕುಡ್ಲದಕಡಲು
ಶಾಲೆಗೆ ಹೋಗುವ ಮಕ್ಕಳ ಶೂ ಬಗ್ಗೆಯೂ ಒಂದು ಸಾಲು ಹಾಕಿ. ಅಂಗಾಲಿಗೆ ಮಾತ್ರ ಬರುವ ಸಿಂಪ್ಲೆಕ್ಸ್‌ನವರಿಗೆ ಏಪ್ರಿಲ್, ಮೇ ಅಂದ್ರೆ ನರಕ. ಕಾಲು ಬೆವರಿದಷ್ಟೂ ಗುಳ್ಳೆ. ಹತ್ತಿ ಕಾಲುಚೀಲದೊಳಗೆ ಕಾರ್ನ್‌ಫ್ಲೋರ್ ಉದುರಿಸಿ, ಮಧ್ಯಾಹ್ನ ಒಮ್ಮೆ ಚೀಲ ಬದಲಿಸಿ, ಒಳಗೆ ಹೊಲಿಗೆ ಉಬ್ಬಿರದ ಮೆತ್ತನೆ ಶೂ. ರೆಕ್ಸಿನ್ ಶೂ ಬೇಡವೇ ಬೇಡ. ಪಿಟಿ ಮಾಸ್ಟ್ರಿಗೂ ಒಂದು ಚೀಟಿ ಕೊಡಿ ಮಾರಾಯ್ರೇ, ಹುಡುಗ ಸೋಮಾರಿ ಅಂತ ಮೈದಾನ ಸುತ್ತಿಸ್ತಾರೆ.

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಮದುವೆ ಸಾಲು ತೆಗೆದಾಯ್ತು. ಗುಳ್ಳೆಯ ಸಾಲು ಈಗ ಹೀಗಿದೆ, ನೋಡಿ: "ಗುಳ್ಳೆ ಕಂಡ ಕೂಡಲೇ ಹೊಸ ಇಂಜೆಕ್ಷನ್ ಸೂಜಿಯಿಂದ ತಗ್ಗಿನ ಜಾಗದಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಪೊರೆ ಕೀಳಬೇಡಿ, ಒರೆಸಬೇಡಿ. ಮೊದಲ ಸಲ ನರ್ಸ್ ಮುಂದೆಯೇ ಮಾಡಿ ಕಲಿಯಿರಿ."

ಪಟ್ಟಿಪೆಟ್ಟಿಗೆ
"ಚುಚ್ಚಿ" ಅಂದ್ರೆ ಒಂದೇ ತೂತು ಮಾಡ್ತಾರೆ. "ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವಂತೆ" ಅಂತ ಸೇರಿಸಿ, ಪಕ್ಕದಲ್ಲಿ ಚಿಕ್ಕ ಚಿತ್ರ ಬರೆಸಿ. ಆಮೇಲೆ ಪ್ರಿಂಟಿಗೆ ಕೊಡಿ.